ಎಪ್ಪತ್ತು ಬಂದರೆ ಪಾಸು: ಪೈಲಟ್ ಥಿಯರಿ ಪರೀಕ್ಷೆ ಬಗ್ಗೆ ಓದುಗರ ಪ್ರಶ್ನೆಗಳು

ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್, ಪರೀಕ್ಷೆ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹಿಂದಿನ ಸಂಚಿಕೆಯಲ್ಲಿ ಸಂಪಾದಕರು ಒಂದು ಸಾಲು ಹಾಕಿದ್ದರು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ "ಸಂಬಳ ಎಷ್ಟು ಬರುತ್ತದೆ" ಅಂತ ಕೇಳಿವೆ. ಅವನ್ನು ಪಕ್ಕಕ್ಕಿಟ್ಟು ಉಳಿದವಕ್ಕೆ ಬರೆದಿದ್ದೇನೆ. ನಾನು ವಿಮಾನ ಹಾರಿಸಿದವಳಲ್ಲ, ಹಾರಿಸುವವರಿಗೆ ನ್ಯಾವಿಗೇಷನ್ ಮತ್ತು ಹವಾಮಾನ ಪಾಠ ಹೇಳಿದವಳು. ಈಗ ಧಾರವಾಡದ ಸಪ್ತಾಪುರದಲ್ಲಿ ಮನೆ ಮಾಳಿಗೆ ಮೇಲೆ ಸಣ್ಣ ಬ್ಯಾಚ್ ನಡೆಸುತ್ತೇನೆ. ಅಕ್ಕಪಕ್ಕದ ರೀಡಿಂಗ್ ರೂಮುಗಳಲ್ಲೆಲ್ಲ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರೇ. ನಮ್ಮ ಹುಡುಗರ ಕೈಯಲ್ಲಿ ದುಂಡಗಿನ ಫ್ಲೈಟ್ ಕಂಪ್ಯೂಟರ್ (ಕೈಯಲ್ಲಿ ತಿರುಗಿಸಿ ಲೆಕ್ಕ ಮಾಡುವ ಬಿಲ್ಲೆ) ಕಂಡು ಒಬ್ಬ "ಇದೇನ್ರೀ, ಜಾತಕ ನೋಡೋದಾ?" ಅಂತ ಕೇಳಿದ್ದ.

ಮಗ ಪಿಯುಸಿ ಮುಗಿಸಿದ್ದಾನೆ. ಈಗಲೇ ಪೂರ್ತಿ ಫೀ ಕಟ್ಟಿದರೆ ರಿಯಾಯಿತಿ ಕೊಡುತ್ತೇವೆ ಅಂತ ದೂರದ ಊರಿನ ಕೋಚಿಂಗ್‌ನವರು ದಿನಾ ಫೋನ್ ಮಾಡುತ್ತಾರೆ. ಮೆಣಸಿನಕಾಯಿ ದುಡ್ಡು ಕೈಗೆ ಬಂದಿದೆ. ಕಟ್ಟಿಬಿಡಲೇ?
– ಒಬ್ಬ ತಂದೆ, ಬ್ಯಾಡಗಿ

ಕಟ್ಟಬೇಡಿ. ಈ ತಿಂಗಳಂತೂ ಬೇಡ. ಮೊದಲು ಮಗನ ಮೆಡಿಕಲ್ ಆಗಲಿ.

ಪೈಲಟ್ ಆಗುವವರಿಗೆ ಎರಡು ಹಂತದ ವೈದ್ಯಕೀಯ ಪರೀಕ್ಷೆ ಇರುತ್ತದೆ. ಮೊದಲು ಕ್ಲಾಸ್ 2. ಇದನ್ನು ಡಿಜಿಸಿಎ, ಅಂದರೆ ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯ, ಗುರುತಿಸಿದ ವೈದ್ಯರು ಮಾಡುತ್ತಾರೆ. ಆಮೇಲೆ ಕ್ಲಾಸ್ 1. ಅದಕ್ಕೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಂಥ ಕೇಂದ್ರಕ್ಕೆ ಹೋಗಬೇಕು. ಸಿಪಿಎಲ್‌ಗೆ ಬೇಕಾಗುವುದು ಕ್ಲಾಸ್ 1. ಕನ್ನಡಕ ಇದೆ ಅಂತ ಹೆದರಬೇಡಿ. ಕನ್ನಡಕ ಹಾಕಿದಾಗ ದೃಷ್ಟಿ ಸರಿಹೋಗುತ್ತಿದ್ದರೆ, ನಂಬರು ಮಿತಿಯೊಳಗಿದ್ದರೆ ನಡೆಯುತ್ತದೆ. ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದ್ದರೆ ಮಾತ್ರ ಕಷ್ಟ. ಮನೆಯಲ್ಲಿ ಯಾರಿಗೂ ಗೊತ್ತೇ ಇರುವುದಿಲ್ಲ, ಹುಡುಗನಿಗೂ ಗೊತ್ತಿರುವುದಿಲ್ಲ. ಎಲ್ಲ ಪೇಪರ್ ಪಾಸ್ ಮಾಡಿ ಆಮೇಲೆ ಇದು ಗೊತ್ತಾದವರನ್ನು ನೋಡಿದ್ದೇನೆ. ಆ ಮನೆಯವರ ಮುಖ ನೋಡಲು ಆಗುವುದಿಲ್ಲ.

ಎರಡನೆಯದು ಕಾಗದಪತ್ರ. ಪರೀಕ್ಷೆಗೆ ಕೂರಲು ಡಿಜಿಸಿಎಯಿಂದ ಕಂಪ್ಯೂಟರ್ ನಂಬರ್ ತೆಗೆದುಕೊಳ್ಳಬೇಕು. ಅದಕ್ಕೆ ಪಿಯುಸಿ ಅಂಕಪಟ್ಟಿ ಅಸಲಿ ಅಂತ ಮಂಡಳಿಯಿಂದ ದೃಢೀಕರಣ ಬೇಕು. ನಮ್ಮ ಕಡೆಯವರಿಗೆ ಇಲ್ಲೊಂದು ಗೊತ್ತಿರುವ ತಕರಾರು: ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್, ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿ, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಬೇರೆ. ಇವೆಲ್ಲ ಒಂದೇ ಥರ ಇರಬೇಕು. ಮಗ ಪುಸ್ತಕ ತೆಗೆಯುವ ಮೊದಲೇ ನೀವು ಈ ಕೆಲಸ ಶುರು ಮಾಡಿ. ಅಷ್ಟರಲ್ಲಿ ರಿಯಾಯಿತಿ ಮುಗಿದುಹೋದರೆ ಚಿಂತೆ ಬೇಡ, ಮುಂದಿನ ವಾರ ಅವರೇ ಇನ್ನೊಂದು ರಿಯಾಯಿತಿ ಹೇಳುತ್ತಾರೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಈಗ ಪಿಯುಸಿ ಸೈನ್ಸ್. ಪೈಲಟ್ ಪರೀಕ್ಷೆ ಪೂರ್ತಿ ಇಂಗ್ಲಿಷ್ ಅಂತಾರೆ. ನನ್ನ ಕೈಲಿ ಆಗುತ್ತಾ? ಎಷ್ಟು ಪೇಪರ್ ಇರುತ್ತವೆ?
– ವಿದ್ಯಾರ್ಥಿನಿ, ಗದಗ-ಬೆಟಗೇರಿ

ಆಗುತ್ತದೆ. ಪೇಪರ್‌ಗಳು ಇವು: ಏರ್ ನ್ಯಾವಿಗೇಷನ್, ಏವಿಯೇಷನ್ ಮೀಟಿಯರಾಲಜಿ, ಏರ್ ರೆಗ್ಯುಲೇಷನ್ಸ್, ಟೆಕ್ನಿಕಲ್ ಜನರಲ್, ಮತ್ತು ನೀನು ಹಾರಿಸುವ ವಿಮಾನದ ಮೇಲೆ ಟೆಕ್ನಿಕಲ್ ಸ್ಪೆಸಿಫಿಕ್. ಇವಲ್ಲದೆ ರೇಡಿಯೋದಲ್ಲಿ ಮಾತಾಡಲು ಆರ್‌ಟಿಆರ್ ಅಂತ ಬೇರೆ ಪರೀಕ್ಷೆ. ಡಿಜಿಸಿಎ ಪೇಪರ್‌ಗಳಲ್ಲಿ ನಾಲ್ಕು ಆಯ್ಕೆ ಕೊಟ್ಟಿರುತ್ತಾರೆ, ಕಂಪ್ಯೂಟರ್ ಮುಂದೆ ಕೂತು ಉತ್ತರಿಸಬೇಕು. ನೂರಕ್ಕೆ 70 ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು.

ಇಂಗ್ಲಿಷ್ ಬಗ್ಗೆ ಹೇಳುತ್ತೇನೆ. ಇದು ಪ್ರಬಂಧ ಬರೆಯುವ ಪರೀಕ್ಷೆಯಲ್ಲ. ಪ್ರಶ್ನೆಗಳು ಒಂದೆರಡು ಸಾಲು ಇರುತ್ತವೆ. ಬಳಸುವ ಪದಗಳೂ ಸುಮಾರು ಅವೇ. ಎಡವಿಸುವುದು ಸಣ್ಣ ಪದಗಳು: ನಾಟ್, ಲೀಸ್ಟ್, ಎಕ್ಸೆಪ್ಟ್, ರಿಮೇನ್ಸ್ ಕಾನ್‌ಸ್ಟಂಟ್. ಇಂಗ್ಲಿಷ್ ಮೀಡಿಯಮ್ ಮಕ್ಕಳು ಗಡಬಡಿಸಿ ಓದಿ ಇವನ್ನು ಹಾರಿಸಿಬಿಡುತ್ತಾರೆ. ಕನ್ನಡ ಮೀಡಿಯಮ್‌ನಿಂದ ಬಂದವರು ಒಂದೊಂದೇ ಪದ ನೋಡಿ ಓದುತ್ತಾರೆ. ನನ್ನ ಬ್ಯಾಚಿನಲ್ಲಿ ಇದು ನಿಮಗೇ ಲಾಭ ಆಗಿದ್ದನ್ನು ಕಂಡಿದ್ದೇನೆ.

ನೋಟ್ಸ್ ಕನ್ನಡದಲ್ಲೇ ಬರೆದುಕೋ. ನಾಚಿಕೆ ಯಾಕೆ? ಉದಾಹರಣೆಗೆ ಆಲ್ಟಿಮೀಟರ್. ಅದು ಎತ್ತರ ಅಳೆಯುವುದಿಲ್ಲ, ಗಾಳಿಯ ಒತ್ತಡ ಅಳೆದು ಅದನ್ನೇ ಎತ್ತರ ಅಂತ ತೋರಿಸುತ್ತದೆ. ಒತ್ತಡ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆ ಹೋಗುತ್ತಿದ್ದೀಯ, ಸೆಟ್ಟಿಂಗ್ ಬದಲಿಸಿಲ್ಲ ಅಂದುಕೋ. ಒತ್ತಡ ಇಳಿದಿದ್ದು ಕಂಡು ಮೀಟರ್ "ನಾವು ಮೇಲೆ ಹೋದೆವು" ಅಂದುಕೊಳ್ಳುತ್ತದೆ. ಮುಳ್ಳನ್ನು ಅಲ್ಲೇ ನಿಲ್ಲಿಸಲು ನೀನು ವಿಮಾನ ಇಳಿಸುತ್ತಾ ಹೋಗುತ್ತೀಯ. ಮೀಟರ್ 5000 ಅಡಿ ಅನ್ನುತ್ತಿರುತ್ತದೆ, ನೀನು ಅದಕ್ಕಿಂತ ಕೆಳಗೆ ಇರುತ್ತೀಯ. ಇಷ್ಟು ತಲೆಯಲ್ಲಿ ಕೂತರೆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಹೇಗೆ ತಿರುಗಿಸಿ ಕೇಳಿದರೂ ಉತ್ತರ ಸಿಗುತ್ತದೆ.

ನ್ಯಾವಿಗೇಷನ್‌ನಲ್ಲಿ ಒಮ್ಮೆ 64, ಇನ್ನೊಮ್ಮೆ 67 ಬಂತು. ಪ್ರಶ್ನೆ ಬ್ಯಾಂಕ್ ಮೂರು ಸಲ ತಿರುವಿ ಹಾಕಿದ್ದೇನೆ. ಉಳಿದ ಪೇಪರ್ ಪಾಸ್ ಆಗಿವೆ. ಇದೊಂದು ಯಾಕೆ ಕೈ ಕೊಡುತ್ತಿದೆ?
– ಓದುಗ, ವಿದ್ಯಾನಗರ, ಹುಬ್ಬಳ್ಳಿ

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ನ್ಯಾವಿಗೇಷನ್ ತಿರುವಿ ಹಾಕುವ ವಿಷಯ ಅಲ್ಲ. ಅದನ್ನು ಪೆನ್ಸಿಲ್ ಹಿಡಿದು ಮಾಡಬೇಕು. 67 ಬಂದಿದೆ ಅಂದರೆ ಸೂತ್ರ ಗೊತ್ತಿದೆ, ಆದರೆ ಬಂದ ಉತ್ತರ ಸರಿಯೋ ತಪ್ಪೋ ಅಂತ ಅಂದಾಜು ಮಾಡಲು ಬರುತ್ತಿಲ್ಲ. ಯಾಕೆಂದರೆ ಪುಸ್ತಕದ ಊರುಗಳು ನಿಮಗೆ ಬರೀ ಅಂಕಿ. ಅಟ್ಲಾಂಟಿಕ್ ಮೇಲಿನ ಯಾವುದೋ ಬಿಂದುವಿಗೆ ಉತ್ತರ 300 ಬಂದರೂ 3000 ಬಂದರೂ ನಿಮಗೆ ಅನುಮಾನ ಬರಲ್ಲ. ಅದಕ್ಕೇ ನಾನು ಮೊದಲ ತಿಂಗಳು ಎಲ್ಲ ಲೆಕ್ಕವನ್ನೂ ನಮ್ಮ ಜಿಲ್ಲೆಗಳಲ್ಲೇ ಮಾಡಿಸುತ್ತೇನೆ.

ಹುಬ್ಬಳ್ಳಿ ಹೆಚ್ಚುಕಡಿಮೆ 75 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ಇದು ನಮ್ಮ ಅದೃಷ್ಟ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಹಾಗಾಗಿ 75 ಡಿಗ್ರಿ ಅಂದರೆ ಸರಿಯಾಗಿ 5 ಗಂಟೆ. ನಮ್ಮ ಗಡಿಯಾರ ಮಾತ್ರ 82.5 ಡಿಗ್ರಿಯ ಲೆಕ್ಕದಲ್ಲಿ, ಅಂದರೆ ಯುಟಿಸಿಗಿಂತ (ಸೊನ್ನೆ ಡಿಗ್ರಿ ರೇಖಾಂಶದ ಸಮಯ) 5 ಗಂಟೆ 30 ನಿಮಿಷ ಮುಂದೆ ನಡೆಯುತ್ತದೆ. ಅಂದಮೇಲೆ ಹುಬ್ಬಳ್ಳಿಯ ಲೋಕಲ್ ಮೀನ್ ಟೈಮ್, ಅಂದರೆ ಊರಿನ ರೇಖಾಂಶದ ಲೆಕ್ಕದ ಸಮಯ, ನಮ್ಮ ಕೈಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ನಂಬಿಕೆ ಬರದಿದ್ದರೆ ಮೇ ಮೊದಲ ವಾರ ಮಾಳಿಗೆ ಮೇಲೆ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ಆಗ ಸೂರ್ಯ ನಮ್ಮ ನೆತ್ತಿ ಮೇಲೇ ಹಾಯುತ್ತಾನೆ. ಹನ್ನೆರಡಕ್ಕೆ ನೆರಳು ಇನ್ನೂ ಇರುತ್ತದೆ. ಹನ್ನೆರಡೂವರೆಗೆ ಮೂರ್ನಾಲ್ಕು ನಿಮಿಷ ಇರುವಾಗ ಅದು ಕೋಲಿನ ಬುಡಕ್ಕೆ ಸೇರಿಬಿಡುತ್ತದೆ. ಆ ಮೂರ್ನಾಲ್ಕು ನಿಮಿಷದ ವ್ಯತ್ಯಾಸ ಯಾಕೆ ಅಂತ ಹುಡುಕಿಕೊಂಡು ಹೋದರೆ ಈಕ್ವೇಷನ್ ಆಫ್ ಟೈಮ್ ಅನ್ನೋದು ಅರ್ಥವಾಗುತ್ತದೆ. ನಮ್ಮ ಬ್ಯಾಚಿನವರು ಇದನ್ನು ಮಾಡಿ, ಕಾದ ಮಾಳಿಗೆ ಮೇಲೆ ಕಾಲು ಸುಟ್ಟುಕೊಂಡು ಕೆಳಗೆ ಬಂದಿದ್ದಾರೆ. ಟೈಮ್ ಲೆಕ್ಕದಲ್ಲಿ ಅವರು ಅಂಕ ಬಿಡುವುದಿಲ್ಲ.

ಇನ್ನು ಡಿಪಾರ್ಚರ್, ಅಂದರೆ ಎರಡು ರೇಖಾಂಶಗಳ ನಡುವಿನ ಪೂರ್ವ-ಪಶ್ಚಿಮ ದೂರ. ಗದಗ ಮತ್ತು ಹುಬ್ಬಳ್ಳಿ ಸುಮಾರಾಗಿ ಒಂದೇ ಅಕ್ಷಾಂಶದಲ್ಲಿವೆ, 15 ಡಿಗ್ರಿ ಮತ್ತು ಸ್ವಲ್ಪ. ನಡುವೆ ಅಂದಾಜು ಅರ್ಧ ಡಿಗ್ರಿ ರೇಖಾಂಶ, ಅಂದರೆ 30 ಮಿನಿಟ್. ಸಮಭಾಜಕದ ಮೇಲಾಗಿದ್ದರೆ ಅದು 30 ನಾಟಿಕಲ್ ಮೈಲು. ಇಲ್ಲಿ ಅದನ್ನು ಅಕ್ಷಾಂಶದ ಕಾಸ್‌ನಿಂದ, 0.96ರಿಂದ, ಗುಣಿಸಬೇಕು. ಸುಮಾರು 29 ಬರುತ್ತದೆ. ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್ ಹಿಡಿದರೆ 53, 54 ಕಿಲೋಮೀಟರ್. ಬಸ್ಸಿನಲ್ಲಿ ಹೋದರೆ ಅದಕ್ಕಿಂತ ಸ್ವಲ್ಪ ಜಾಸ್ತಿ, ರಸ್ತೆ ನೇರ ಇಲ್ಲವಲ್ಲ. ಉತ್ತರ 29 ಕಿಲೋಮೀಟರ್ ಅಂತ ಬಂದಿದ್ದರೆ ಅಣ್ಣಿಗೇರಿಯಲ್ಲೇ ಇಳಿದುಬಿಡಬೇಕಾಗುತ್ತಿತ್ತು! ನಾಟಿಕಲ್ ಮೈಲನ್ನು ಕಿಲೋಮೀಟರ್ ಅಂದುಕೊಳ್ಳುವ ತಪ್ಪು ಹೀಗೆ ಮಾಡಿದಾಗ ತಾನೇ ಸಿಕ್ಕಿಬೀಳುತ್ತದೆ.

ಮೂರನೆಯದು ಒನ್ ಇನ್ ಸಿಕ್ಸ್ಟಿ: 60 ಮೈಲಿಗೆ 1 ಮೈಲು ಪಕ್ಕಕ್ಕೆ ಸರಿದರೆ ಸುಮಾರು 1 ಡಿಗ್ರಿ ತಪ್ಪಿದಂತೆ. ಇದನ್ನು ಬಿಟ್ಟರೆ ನ್ಯಾವಿಗೇಷನ್ ಇಲ್ಲ. ಹುಬ್ಬಳ್ಳಿಯಿಂದ ಬೆಂಗಳೂರು ಏರ್‌ಪೋರ್ಟಿಗೆ ಸುಮಾರು 200 ನಾಟಿಕಲ್ ಮೈಲು, ಟ್ರ್ಯಾಕ್, ಅಂದರೆ ನಕ್ಷೆ ಮೇಲೆ ಎಳೆದ ದಾರಿಯ ಗೆರೆ, ಅಂದಾಜು 130 ಡಿಗ್ರಿ. 60 ಮೈಲು ಹೋದಿರಿ, ಹರಪನಹಳ್ಳಿ ಆಸುಪಾಸು. ಕೆಳಗೆ ನೋಡಿದರೆ ನೀವು ಗೆರೆಯಿಂದ 4 ಮೈಲು ಎಡಕ್ಕೆ ಇದ್ದೀರಿ. 60ಕ್ಕೆ 4, ಹಾಗಾಗಿ ತಪ್ಪಿದ್ದು 4 ಡಿಗ್ರಿ. 4 ಡಿಗ್ರಿ ಬಲಕ್ಕೆ ತಿರುಗಿಸಿದರೆ ಏನಾಗುತ್ತದೆ? ಹಳೆ ಗೆರೆಗೆ ಸಮಾನಾಂತರವಾಗಿ ಹೋಗುತ್ತೀರಿ, ಬೆಂಗಳೂರು ತಲುಪುವುದಿಲ್ಲ. ಉಳಿದಿರುವುದು 140 ಮೈಲು. 4ನ್ನು 60ರಿಂದ ಗುಣಿಸಿ 140ರಿಂದ ಭಾಗಿಸಿದರೆ 2ರ ಹತ್ತಿರ. ಒಟ್ಟು 6 ಡಿಗ್ರಿ ಬಲಕ್ಕೆ. ಪರೀಕ್ಷೆಯಲ್ಲಿ ನಾಲ್ಕು ಆಯ್ಕೆಗಳಲ್ಲಿ 4 ಇರುತ್ತದೆ, 2 ಇರುತ್ತದೆ, 6 ಇರುತ್ತದೆ. ಪ್ರಶ್ನೆ ಸಮಾನಾಂತರ ಹೋಗಲು ಕೇಳಿದೆಯೋ, ಗುರಿ ತಲುಪಲು ಕೇಳಿದೆಯೋ ನೋಡಿ. ನಿಮ್ಮ ಮೂರು ಅಂಕ ಇಲ್ಲೇ ಎಲ್ಲೋ ಬಿದ್ದಿದೆ ಅಂತ ನನ್ನ ಗುಮಾನಿ.

ವೇರಿಯೇಷನ್, ಅಂದರೆ ಭೂಗೋಳದ ಉತ್ತರ (ಟ್ರೂ) ಮತ್ತು ದಿಕ್ಸೂಚಿ ತೋರಿಸುವ ಉತ್ತರ (ಮ್ಯಾಗ್ನೆಟಿಕ್) ಇವುಗಳ ವ್ಯತ್ಯಾಸದ ಬಗ್ಗೆ ಒಂದು ಮಾತು. ನಮ್ಮ ಕಡೆ ಅದು ಒಂದೆರಡು ಡಿಗ್ರಿ ಅಷ್ಟೇ. ಹಾಗಾಗಿ ಅಭ್ಯಾಸದಲ್ಲಿ ಬಿಟ್ಟರೂ ನಡೆಯುತ್ತದೆ ಅನಿಸುತ್ತದೆ. ಪರೀಕ್ಷೆಯಲ್ಲಿ 20 ಡಿಗ್ರಿ ವೆಸ್ಟ್ ಕೊಡುತ್ತಾರೆ, ಕೂಡಬೇಕೋ ಕಳೆಯಬೇಕೋ ಅಲ್ಲೇ ಗೊತ್ತಾಗಬೇಕು. ವೆಸ್ಟ್ ಇದ್ದರೆ ಟ್ರೂಗೆ ಕೂಡಿ ಮ್ಯಾಗ್ನೆಟಿಕ್. ಈಸ್ಟ್ ಇದ್ದರೆ ಕಳೆದು.

ಪ್ರಶ್ನೆ ಬ್ಯಾಂಕ್ ಮುಚ್ಚಿಡಿ. ದಿನಾ ಬೆಳಿಗ್ಗೆ ಹತ್ತೇ ಲೆಕ್ಕ, ಫ್ಲೈಟ್ ಕಂಪ್ಯೂಟರ್ ಕೈಯಲ್ಲಿ ಹಿಡಿದು. ಬೆರಳಿಗೆ ರೂಢಿಯಾಗಬೇಕು.

ಮೀಟಿಯರಾಲಜಿ ಓದಲು ಕೂತರೆ ನಿದ್ದೆ ಬರುತ್ತದೆ. ಏನು ಮಾಡಲಿ?
– ಓದುಗ, ರಾಣೆಬೆನ್ನೂರು

ಹೊರಗೆ ಬಂದು ನಿಂತು ಓದಿ! ತಮಾಷೆಗೆ ಹೇಳುತ್ತಿಲ್ಲ. ಈ ಪೇಪರ್ ಓದಲು ನಮ್ಮ ಜಿಲ್ಲೆಗಳಷ್ಟು ಒಳ್ಳೆಯ ಜಾಗ ಇಲ್ಲ. ಒಂದು ಕಡೆ ಪಶ್ಚಿಮ ಘಟ್ಟ, ಇನ್ನೊಂದು ಕಡೆ ಬಯಲುಸೀಮೆ, ನಡುವೆ ನಾವು.

ಜುಲೈ ತಿಂಗಳಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಗಾಳಿ ಪಶ್ಚಿಮದಿಂದ ಬರುತ್ತಿರುತ್ತದೆ, ನಿಮ್ಮ ಮುಖ ಪೂರ್ವಕ್ಕೆ. ಬೈಸ್ ಬ್ಯಾಲಟ್ ನಿಯಮ ಏನು ಹೇಳುತ್ತದೆ? ಉತ್ತರ ಗೋಳಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟರೆ ಕಡಿಮೆ ಒತ್ತಡ ಎಡಗಡೆ. ನಿಮ್ಮ ಎಡಗೈ ಉತ್ತರಕ್ಕೆ ಇದೆ. ಅಲ್ಲಿ, ಗಂಗಾ ಬಯಲಿನ ಮೇಲೆ ಮಾನ್ಸೂನ್ ಟ್ರಫ್, ಅಂದರೆ ಕಡಿಮೆ ಒತ್ತಡದ ಉದ್ದ ಪಟ್ಟಿ, ಮಲಗಿದೆ. ರಾಣೆಬೆನ್ನೂರಿನಲ್ಲಿ ನಿಂತು ರಾಜಸ್ಥಾನದ ಗಂಗಾನಗರದಿಂದ ಬಂಗಾಳ ಕೊಲ್ಲಿವರೆಗೆ ಚಾಚಿದ ಟ್ರಫ್ಫನ್ನು ಕೈ ಮಾಡಿ ತೋರಿಸಬಹುದು. ಗದಗ ಕಡೆ ಹೋದರೆ ಕಪ್ಪತಗುಡ್ಡದ ಗಾಳಿಯಂತ್ರಗಳೂ ಆಗ ಪಶ್ಚಿಮಕ್ಕೇ ಮುಖ ಮಾಡಿರುತ್ತವೆ.

ಹುಬ್ಬಳ್ಳಿ ಗೋಕುಲ ರಸ್ತೆ ವಿಮಾನ ನಿಲ್ದಾಣದ ರನ್‌ವೇಗೆ 08 ಮತ್ತು 26 ಅಂತ ಹೆಸರು. ರನ್‌ವೇ ಮ್ಯಾಗ್ನೆಟಿಕ್ ದಿಕ್ಕನ್ನು ಹತ್ತಕ್ಕೆ ಸರಿಹೊಂದಿಸಿ ಕೊನೆಯ ಸೊನ್ನೆ ಬಿಟ್ಟರೆ ಆ ನಂಬರು. ಮಳೆಗಾಲದ ಪಡುವಣ ಗಾಳಿಗೆ ಎದುರಾಗಿ ಇಳಿಯಲು 26 ಹೇಳಿ ಮಾಡಿಸಿದಂತಿದೆ. ಗಾಳಿ 290 ಡಿಗ್ರಿಯಿಂದ 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲು) ಇದ್ದರೆ ನಡುವಿನ ಕೋನ 30. ಅಡ್ಡಗಾಳಿ 10 ನಾಟ್, ಎದುರುಗಾಳಿ 17. ಆದರೆ ನೆನಪಿಡಿ, ಮೆಟಾರ್ ಅನ್ನುವ ವಿಮಾನ ನಿಲ್ದಾಣದ ಹವಾಮಾನ ವರದಿಯಲ್ಲಿ ಗಾಳಿಯ ದಿಕ್ಕು ಟ್ರೂ, ಟವರ್‌ನವರು ರೇಡಿಯೋದಲ್ಲಿ ಹೇಳುವುದು ಮ್ಯಾಗ್ನೆಟಿಕ್. ಇದನ್ನು ಕೇಳದ ಪರೀಕ್ಷಕರು ಕಡಿಮೆ.

ಈಗ ಏಪ್ರಿಲ್‌ಗೆ ಬನ್ನಿ. ಪುಸ್ತಕದಲ್ಲಿ ಮ್ಯಾಂಗೋ ಶವರ್ಸ್ ಅಂತ ಒಂದು ಪ್ಯಾರಾ ಇರುತ್ತದೆ. ನಮ್ಮ ಕಡೆ ಅಡ್ಡಮಳಿ ಅನ್ನುವುದು ಅದನ್ನೇ. ಮಧ್ಯಾಹ್ನ ಸೆಖೆ ತಡೆಯೋಕಾಗಲ್ಲ. ನಾಲ್ಕರ ಹೊತ್ತಿಗೆ ಮೋಡ ಹೂಕೋಸಿನ ಥರ ಮೇಲೇಳುತ್ತದೆ. ಇದು ಕ್ಯುಮುಲಸ್ ಹಂತ, ಒಳಗೆ ಬರೀ ಮೇಲ್ಮುಖ ಗಾಳಿ. ಆಮೇಲೆ ಒಮ್ಮೆಲೇ ತಣ್ಣನೆ ಗಾಳಿ ಬೀಸಿ, ದೂಳೆದ್ದು, ಒಣಹಾಕಿದ ಬಟ್ಟೆ ಹಾರಿಹೋಗಿ, ಬಾಗಿಲುಗಳು ಧಡ್ ಅಂತ ಬಡಿದುಕೊಳ್ಳುತ್ತವೆ. ಮಳೆ ಇನ್ನೂ ಬಂದಿರುವುದಿಲ್ಲ. ಆ ತಣ್ಣನೆ ಗಾಳಿ ಮೋಡದ ಒಳಗಿಂದ ಬಿದ್ದ ಗಾಳಿ. ನೆಲಕ್ಕೆ ಬಡಿದು ಎಲ್ಲ ಕಡೆ ಹರಡಿ ಮಳೆಗಿಂತ ಮೊದಲೇ ನಮ್ಮನೆ ಅಂಗಳಕ್ಕೆ ಬಂದಿದೆ. ಗಸ್ಟ್ ಫ್ರಂಟ್ ಅಂದರೆ ಇದೇ. ಇದು ಶುರುವಾಯಿತು ಅಂದರೆ ಮೋಡ ಮೆಚ್ಯೂರ್ ಹಂತಕ್ಕೆ ಬಂತು, ಮೇಲೆ ಹೋಗುವ ಗಾಳಿ, ಕೆಳಗೆ ಬೀಳುವ ಗಾಳಿ ಎರಡೂ ಒಟ್ಟಿಗೆ ಇವೆ ಅಂತ ಅರ್ಥ. ವಿಮಾನಕ್ಕೆ ಅತಿ ಅಪಾಯ ಆಗಲೇ. ಕೊನೆಗೆ ಬರೀ ಕೆಳಗೆ ಬೀಳುವ ಗಾಳಿ ಉಳಿದು ಮೋಡ ಕರಗುತ್ತದೆ. ಮೂರು ಹಂತವೂ ಸಂಜೆ ಚಹಾ ಮುಗಿಯುವುದರೊಳಗೆ ಕಣ್ಣಮುಂದೆ ಆಗುತ್ತವೆ. ಪುಸ್ತಕದಲ್ಲಿ ಅದೇ ಹಂತಗಳನ್ನು ಬಾಯಿಪಾಠ ಮಾಡಿ ಮರೆಯುವುದು ಯಾಕೆ?

ಇನ್ನೊಂದು ಲೆಕ್ಕ. ಅಂಥ ಮಧ್ಯಾಹ್ನ ತಾಪಮಾನ 34, ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟುವ ತಾಪಮಾನ) 19 ಅನ್ನಿ. ವ್ಯತ್ಯಾಸ 15. ಅದನ್ನು 400ರಿಂದ ಗುಣಿಸಿದರೆ 6000 ಅಡಿ. ಮೋಡದ ತಳ ಅಲ್ಲಿದೆ. ಎಲ್ಲಿಂದ 6000? ನೆಲದಿಂದ. ಹುಬ್ಬಳ್ಳಿ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2170 ಅಡಿ ಎತ್ತರದಲ್ಲಿದೆ. ಸಮುದ್ರಮಟ್ಟದಿಂದ ಕೇಳಿದರೆ ಉತ್ತರ 8170.

ಅದೇ 2170 ಅಡಿಗೆ ಐಎಸ್‌ಎ (ಲೆಕ್ಕಕ್ಕೆ ಹಿಡಿಯುವ ಪ್ರಮಾಣಿತ ವಾತಾವರಣ) ಪ್ರಕಾರ ಇರಬೇಕಾದ ತಾಪಮಾನ ಸುಮಾರು 11 ಡಿಗ್ರಿ. ಬೇಸಿಗೆಯಲ್ಲಿ 38 ಇದ್ದರೆ 27 ಡಿಗ್ರಿ ಜಾಸ್ತಿ. ಡಿಗ್ರಿಗೆ 120 ಅಡಿಯಂತೆ 3240 ಕೂಡಿಸಿ. ಡೆನ್ಸಿಟಿ ಆಲ್ಟಿಟ್ಯೂಡ್ 5400 ಅಡಿ ದಾಟುತ್ತದೆ. ರನ್‌ವೇ ಮೇಲೆ ನಿಂತೇ ಇರುವ ವಿಮಾನಕ್ಕೆ ತಾನು 5400 ಅಡಿ ಎತ್ತರದ ತೆಳು ಗಾಳಿಯಲ್ಲಿ ಇರುವಂತೆ ಆಗುತ್ತದೆ. ಟೇಕಾಫ್‌ಗೆ ಜಾಸ್ತಿ ಉದ್ದ ಬೇಕು. ಹುಬ್ಬಳ್ಳಿಯ ರನ್‌ವೇ 2600 ಮೀಟರ್ ಇದೆ, ಸಣ್ಣ ವಿಮಾನಕ್ಕೆ ತೊಂದರೆಯಿಲ್ಲ. (ರೈಲು ನಿಲ್ದಾಣದ ಪ್ಲಾಟ್‌ಫಾರಮ್ಮೇ 1507 ಮೀಟರ್ ಇರುವ ಊರು ಇದು, ಉದ್ದದ ವಿಷಯದಲ್ಲಿ ನಾವು ಜಿಪುಣರಲ್ಲ.)

ಮಾನ್ಸೂನ್ ದಿನಾಂಕಗಳಿಗೆ ನಿಮ್ಮ ಅಜ್ಜನನ್ನು ಕೇಳಿ. ಕೇರಳಕ್ಕೆ ಜೂನ್ 1 ಅಂತ ಪುಸ್ತಕ ಹೇಳುತ್ತದೆ. ಅದಾದ ಒಂದು ವಾರಕ್ಕೆ ನಮ್ಮಲ್ಲಿ ಮಿರಗ, ಅಂದರೆ ಮೃಗಶಿರಾ ಮಳೆ, ಹೂಡುತ್ತದೆ. ಲೆಕ್ಕ ಸರಿಯಾಗಿ ಕೂರುತ್ತದೆ. ಹಾಗೆಯೇ ಧಾರವಾಡದಲ್ಲಿ ಜಿಟಿಜಿಟಿ ಹಿಡಿದಿರುವಾಗ ಗದಗದಲ್ಲಿ ಬಿಸಿಲು ಯಾಕೆ ಅಂತ ಯೋಚಿಸಿ. ಘಟ್ಟ ಹತ್ತಿದ ಗಾಳಿ ನೀರನ್ನೆಲ್ಲ ಸುರಿದು, ಈ ಕಡೆ ಇಳಿಯುತ್ತಾ ಬಿಸಿಯಾಗಿ ಒಣಗುತ್ತದೆ. ಮಳೆ ನೆರಳು ಅಂದರೆ ಏನು ಅಂತ ಇನ್ನು ಯಾರೂ ನಿಮಗೆ ಹೇಳಿಕೊಡಬೇಕಿಲ್ಲ.

ಫೋನಿಗೆ ಹಳೆ ಪ್ರಶ್ನೆಗಳ ಪಿಡಿಎಫ್ ಬರುತ್ತದೆ. ಅವೇ ಮತ್ತೆ ಬರುತ್ತವಂತೆ. ಅಷ್ಟನ್ನೇ ಓದಿದರೆ ಸಾಲದಾ?
– ಓದುಗ, ಕಲ್ಯಾಣನಗರ, ಧಾರವಾಡ

ಕೆಲವು ಬರುತ್ತವೆ, ಸುಳ್ಳಲ್ಲ. ಆದರೆ ಆ ಪಿಡಿಎಫ್‌ನಲ್ಲಿ ಉತ್ತರಕ್ಕೆ ಟಿಕ್ ಹಾಕಿದವರು ಯಾರು? ನಿಮ್ಮ ಹಾಗೇ ಪರೀಕ್ಷೆ ಬರೆದು ನೆನಪಿನಿಂದ ಟೈಪ್ ಮಾಡಿದವರು. ಪಾಸ್ ಆದರೋ ಇಲ್ಲವೋ ಯಾರಿಗೆ ಗೊತ್ತು. ನನ್ನ ಹತ್ತಿರ ಬಂದ ಅಂಥ ಒಂದು ಕಟ್ಟಿನಲ್ಲಿ ಏರ್ ರೆಗ್ಯುಲೇಷನ್ಸ್‌ನ ಮೂಲ ಕಾನೂನು 1934ರ ಏರ್‌ಕ್ರಾಫ್ಟ್ ಆಕ್ಟ್ ಅಂತಲೇ ಇದೆ. ಅದರ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2024 ಬಂದು, 2025ರ ಜನವರಿ 1ರಿಂದ ಜಾರಿಯಲ್ಲಿದೆ. ರೆಗ್ಯುಲೇಷನ್ಸ್ ಮಾತ್ರ ಹೊಸ ಪುಸ್ತಕದಲ್ಲೇ ಓದಿ. ಅಣ್ಣನ ಪುಸ್ತಕ ತಮ್ಮನಿಗೆ ಆಗುವ ವಿಷಯ ಅಲ್ಲ ಇದು.

ಪಿಡಿಎಫ್ ಬೇಕಾದರೆ ಕೊನೆಯ ವಾರ ತೆಗೆಯಿರಿ. ಪ್ರತಿ ಪ್ರಶ್ನೆಗೂ ಸರಿ ಉತ್ತರ ಬಿಟ್ಟು, ಉಳಿದ ಮೂರು ಯಾಕೆ ತಪ್ಪು ಅಂತ ಹೇಳಿ ನೋಡಿ. ಉದಾಹರಣೆಗೆ ಆಕಾಶದ ದಾರಿ ನಿಯಮ: ಎರಡು ವಿಮಾನ ಎದುರಾಬದುರು ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು, ಅಡ್ಡ ಬಂದರೆ ಬಲಗಡೆ ಇರುವವನಿಗೆ ದಾರಿ ಬಿಡಬೇಕು, ಹಿಂದಿಕ್ಕುವಾಗ ಬಲಗಡೆಯಿಂದ ಹೋಗಬೇಕು. ಹುಬ್ಬಳ್ಳಿಯ ಹೊಸೂರು ಸರ್ಕಲ್‌ನಲ್ಲಿ ಗಾಡಿ ಓಡಿಸಿ ರೂಢಿ ಇರುವವರು ಇದನ್ನು ಎರಡು ಸಲ ಜಾಸ್ತಿ ಓದಬೇಕು.

ನಾನು ಬಿಕಾಂ. ನನಗೆ ದಾರಿ ಇದೆಯಾ?
– ಓದುಗಿ, ಲಕ್ಷ್ಮೇಶ್ವರ

ಇದೆ. ಪ್ಲಸ್ ಟೂ ಮಟ್ಟದಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಪಾಸಾಗಿರಬೇಕು ಅಂತ ಕೇಳುತ್ತಾರೆ. ಎನ್‌ಐಒಎಸ್ ಓಪನ್ ಸ್ಕೂಲ್ ಮೂಲಕ ಆ ಎರಡು ವಿಷಯ ಕಟ್ಟಿ ಪಾಸ್ ಮಾಡಿದವರು ಬಹಳ ಜನ ಇದ್ದಾರೆ. ಅರ್ಜಿ ಹಾಕುವ ದಿನ ಡಿಜಿಸಿಎ ವೆಬ್‌ಸೈಟಿನಲ್ಲಿ ನಿಯಮ ಇನ್ನೊಮ್ಮೆ ನೋಡಿಕೊಳ್ಳಿ. ಮೆಡಿಕಲ್ ಮಾತ್ರ ಮೊದಲು. ಬ್ಯಾಡಗಿಯವರಿಗೆ ಬರೆದದ್ದನ್ನು ನೀವೂ ಓದಿ.

ನಮ್ಮದು ಗ್ಯಾರೇಜ್. ಎಂಜಿನ್ ಬಿಚ್ಚಿ ಜೋಡಿಸಬಲ್ಲೆ. ಟೆಕ್ನಿಕಲ್ ಪೇಪರ್‌ಗೆ ಓದಲೇಬೇಕಾ?
– ಓದುಗ, ಸವಣೂರು

ಅರ್ಧ ಓದಿದರೆ ಸಾಕು, ಉಳಿದರ್ಧ ಕೈಗೆ ಗೊತ್ತಿದೆ. ನಾಲ್ಕು ಸ್ಟ್ರೋಕ್, ಕಾರ್ಬುರೇಟರ್, ಮಿಕ್ಸ್ಚರ್ ನಿಮಗೆ ನೀರು ಕುಡಿದಷ್ಟು ಸುಲಭ. ಎಚ್ಚರ ಇರಬೇಕಾದ್ದು ವಿಮಾನ ಮತ್ತು ಕಾರು ಬೇರೆಯಾಗುವ ಜಾಗದಲ್ಲಿ.

ಮ್ಯಾಗ್ನೆಟೊ ತೆಗೆದುಕೊಳ್ಳಿ. ಸಣ್ಣ ವಿಮಾನದ ಪಿಸ್ಟನ್ ಎಂಜಿನ್‌ಗೆ ಕಿಡಿ ಕೊಡುವುದು ಬ್ಯಾಟರಿಯಲ್ಲ. ಎಂಜಿನ್ ತಿರುಗುತ್ತಿದ್ದರೆ ಮ್ಯಾಗ್ನೆಟೊ ತಾನೇ ಕರೆಂಟ್ ಹುಟ್ಟಿಸುತ್ತದೆ. ಹಾರುವಾಗ ಮಾಸ್ಟರ್ ಸ್ವಿಚ್ (ವಿಮಾನದ ವಿದ್ಯುತ್ತಿನ ಮುಖ್ಯ ಸ್ವಿಚ್) ಆಫ್ ಮಾಡಿದರೆ ಎಂಜಿನ್ ನಿಲ್ಲುತ್ತದಾ ಅಂತ ಕೇಳಿದರೆ, ಇಲ್ಲ. ಇಗ್ನಿಷನ್ ಆಫ್ ಮಾಡಿದಾಗ ಮ್ಯಾಗ್ನೆಟೊವನ್ನು ಅರ್ಥ್‌ಗೆ ಸೇರಿಸುತ್ತಾರೆ, ಕಿಡಿ ಸಾಯುತ್ತದೆ. ಆ ಅರ್ಥ್ ತಂತಿ ತುಂಡಾಗಿದ್ದರೆ? ಸ್ವಿಚ್ ಆಫ್ ಇದ್ದರೂ ಮ್ಯಾಗ್ನೆಟೊ ಜೀವಂತ. ನಿಂತ ವಿಮಾನದ ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಹುದು. ನಿಮ್ಮ ಗ್ಯಾರೇಜಿನ ಅಭ್ಯಾಸದಲ್ಲಿ ತಂತಿ ಕಡಿದರೆ ಎಂಜಿನ್ ನಿಲ್ಲುತ್ತದೆ, ಇಲ್ಲಿ ಉಲ್ಟಾ.

ಕಾರ್ಬುರೇಟರ್ ಐಸಿಂಗ್ ಕೂಡ ಹಾಗೇ. ನಮ್ಮ ಕಡೆ ಹಿಮ ಎಲ್ಲಿಂದ ಅಂತ ಬಿಡಬೇಡಿ. ಪೆಟ್ರೋಲ್ ಆವಿಯಾಗುವಾಗ ಕಾರ್ಬುರೇಟರ್ ಗಂಟಲಿನಲ್ಲಿ ತಾಪಮಾನ ಜೋರಾಗಿ ಇಳಿಯುತ್ತದೆ. ಹೊರಗೆ 20 ಡಿಗ್ರಿ ಇದ್ದು ತೇವಾಂಶ ಜಾಸ್ತಿ ಇದ್ದರೂ ಒಳಗೆ ಮಂಜುಗಡ್ಡೆ ಕಟ್ಟುತ್ತದೆ. ಸವಣೂರಿನ ಮಳೆಗಾಲದ ಬೆಳಗಿನಂಥ ಹವೆಯೇ ಸಾಕು. ಇನ್ನು ಪ್ರಿನ್ಸಿಪಲ್ಸ್ ಆಫ್ ಫ್ಲೈಟ್ ಮತ್ತು ಇನ್‌ಸ್ಟ್ರುಮೆಂಟ್ಸ್ ಭಾಗ ಗ್ಯಾರೇಜಿನಲ್ಲಿ ಸಿಗಲ್ಲ, ಅದನ್ನು ಕೂತು ಓದಬೇಕು.

ಆರ್‌ಟಿಆರ್ ಓರಲ್‌ನಲ್ಲಿ ನಮ್ಮ ಉತ್ತರ ಕರ್ನಾಟಕದ ಉಚ್ಚಾರಕ್ಕೆ ಅಂಕ ಹೋಗುತ್ತದಾ? ಬೆಂಗಳೂರಿನ ಗೆಳತಿಯರು ನಗುತ್ತಾರೆ.
– ಓದುಗಿ, ನವಲಗುಂದ

ನಗಲಿ ಬಿಡಮ್ಮ. ರೇಡಿಯೋಗೆ ಸ್ಟೈಲ್ ಬೇಡ, ಸ್ಪಷ್ಟ ಮಾತು ಬೇಕು. ಇಂಗ್ಲಿಷ್ ಮಾತೃಭಾಷೆ ಆದವರೂ ಅಲ್ಲಿ ತಮ್ಮ ಉಚ್ಚಾರ ಬಿಟ್ಟು ಟ್ರೀ, ಫೋವರ್, ಫೈಫ್, ನೈನರ್, ಟೌಸಂಡ್ ಅಂತಲೇ ಹೇಳಬೇಕು. ತ್ರೀ ಅನ್ನಲು ನಾಲಿಗೆ ಹೊರಳುವುದಿಲ್ಲ ಅಂತ ಬರೆದಿದ್ದೀಯಲ್ಲ, ಅಲ್ಲಿ ಟ್ರೀ ಅಂದರೇ ಸರಿ! ನಮ್ಮವರ ತೊಂದರೆ ಬೇರೆ: ಜೋರಾಗಿ, ಗಡಬಡಿಸಿ ಮಾತಾಡುತ್ತೇವೆ, ಎದುರಿನವರು ಮುಗಿಸುವ ಮೊದಲೇ ಶುರು ಮಾಡುತ್ತೇವೆ. ರೇಡಿಯೋದಲ್ಲಿ ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಇಬ್ಬರದೂ ಕೇಳಿಸುವುದಿಲ್ಲ.

ಮನೆಯಲ್ಲಿ ತಮ್ಮನನ್ನೋ ಅಕ್ಕನನ್ನೋ ಟವರ್ ಮಾಡಿ ಕೂರಿಸು. ಅವರು ಒಂದು ಎತ್ತರ, ಒಂದು ದಿಕ್ಕು, ಒಂದು ಕ್ಯೂಎನ್‌ಎಚ್ (ಆಲ್ಟಿಮೀಟರ್ ಸೆಟ್ ಮಾಡಲು ಕೊಡುವ ಒತ್ತಡ) ಅಂಕಿ ಓದಲಿ. ನೀನು ಬರೆದುಕೊಂಡು ತಿರುಗಿ ಓದಿ ಹೇಳು, ಕೊನೆಗೆ ನಿನ್ನ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ನಿನ್ನ ವಿಮಾನದ ಹೆಸರು. ಇನ್ನು ರಡಾರ್‌ಗೆ ಉತ್ತರ ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ಹಾಕುವ ಕೋಡ್‌ಗಳು: 7500 ಅಪಹರಣ, 7600 ರೇಡಿಯೋ ಕೆಟ್ಟಿದೆ, 7700 ಎಮರ್ಜೆನ್ಸಿ. ಈ ಮೂರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ಹೊಸ ಕಾನೂನಿನಲ್ಲಿ ಆರ್‌ಟಿಆರ್ ಸಂಪರ್ಕ ಇಲಾಖೆಯಿಂದ ಡಿಜಿಸಿಎ ಕೈಗೆ ಬಂದಿದೆ. ಹಾಗಾಗಿ ಅರ್ಜಿ, ಪರೀಕ್ಷೆಯ ಕ್ರಮ ಎರಡನ್ನೂ ಹಳಬರನ್ನು ಕೇಳಬೇಡ, ಡಿಜಿಸಿಎ ಪ್ರಕಟಣೆಯಲ್ಲೇ ನೋಡಿಕೋ. ಅಭ್ಯಾಸಕ್ಕೆ ಯಾರೂ ಸಿಗದಿದ್ದರೆ ಭಾನುವಾರ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಸಪ್ತಾಪುರಕ್ಕೆ ಬಾ, ಟವರ್ ಆಗಲು ನಮ್ಮ ಬ್ಯಾಚಿನಲ್ಲಿ ಜಗಳವೇ ನಡೆಯುತ್ತದೆ.